ಸೌದೆ ಸೀಳುವ ಯಂತ್ರದ ರಿಟರ್ನ್ ಪೈಪ್ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಹೈಡ್ರಾಲಿಕ್ ಸೌದೆ ಸೀಳುವ ಯಂತ್ರಕ್ಕೆ ಎರಡು ಪೈಪ್ ಇವೆ: ಆಯಿಲ್ ತರುವ ಪ್ರೆಶರ್ ಪೈಪ್, ಆಯಿಲ್ ಹಿಂದಿರುಗಿಸುವ ರಿಟರ್ನ್ ಪೈಪ್. ಟ್ರ್ಯಾಕ್ಟರ್ ಹಿಂಬದಿಯ ರಿಮೋಟ್‌ನಲ್ಲೂ (ಹೊರಗಿನ ಯಂತ್ರಕ್ಕೆ ಆಯಿಲ್ ಕೊಡುವ ವಾಲ್ವ್) ಎರಡು ಕಪ್ಲರ್ (ಪೈಪ್ ಸಿಕ್ಕಿಸುವ ಜೋಡಣೆ) ಇವೆ. ಎರಡನ್ನೂ ಅಲ್ಲಿಗೇ ಸಿಕ್ಕಿಸಿದರೆ ಸಾಲದೇ?

ಉತ್ತರ: ಸಿಕ್ಕಿಸಿದರೆ ಯಂತ್ರವೇನೋ ಓಡುತ್ತದೆ. ಆದರೆ ರಿಟರ್ನ್ ಪೈಪನ್ನು ಅಲ್ಲಿಗೆ ಕೊಡದಿರುವುದೇ ಒಳ್ಳೆಯದು.

ರಿಮೋಟ್ ಲಿವರನ್ನು ಒಂದು ಕಡೆಗೆ ತಳ್ಳಿದರೆ ಒಂದು ಕಪ್ಲರ್‌ನಿಂದ ಆಯಿಲ್ ನುಗ್ಗುತ್ತದೆ, ಇನ್ನೊಂದು ಕಡೆಗೆ ಎಳೆದರೆ ಇನ್ನೊಂದರಿಂದ. ಸೀಳುವ ಯಂತ್ರದ ಮೇಲೆ ಅದರದೇ ವಾಲ್ವ್ ಇರುತ್ತದಲ್ಲ, ಅದರ ಟ್ಯಾಂಕ್ ಕಡೆಯ ಸೀಲ್‌ಗಳು ಪೂರ್ತಿ ಒತ್ತಡಕ್ಕೆಂದು ಮಾಡಿದವಲ್ಲ. ಲಿವರ್ ಉಲ್ಟಾ ಬಿದ್ದರೆ ಆ ಒತ್ತಡ ಅಲ್ಲಿಗೇ ಹೋಗುತ್ತದೆ. ಅದಕ್ಕಿಂತಲೂ ಸುಲಭವಾಗಿ ಆಗುವ ತಪ್ಪು ಇನ್ನೊಂದು: ರಿಟರ್ನ್ ಕಪ್ಲರ್ ಅರ್ಧ ಮಾತ್ರ ಕೂತಿರುವುದು. ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ, ಆದರೆ ಒಳಗಿನ ಗುಂಡು ತೆರೆದಿರುವುದಿಲ್ಲ. ಆಯಿಲ್‌ಗೆ ಹಿಂದಿರುಗಲು ದಾರಿಯಿಲ್ಲದೆ ವಾಲ್ವ್ ಒಳಗೆ ಜಾರುವ ದಂಡದ, ಅಂದರೆ ಸ್ಪೂಲ್‌ನ, ತುದಿಯ ಸೀಲ್ ಹಾರುತ್ತದೆ, ಕೆಲವೊಮ್ಮೆ ವಾಲ್ವ್‌ನ ಎರಕವೇ ಬಿರಿಯುತ್ತದೆ.

ಹಾಗಾಗಿ ಪ್ರೆಶರ್ ಪೈಪ್ ಮಾತ್ರ ರಿಮೋಟ್‌ಗೆ. ರಿಟರ್ನ್ ಪೈಪ್ ನೇರ ಟ್ರ್ಯಾಕ್ಟರ್‌ನ ಆಯಿಲ್ ಟ್ಯಾಂಕಿಗೆ, ಅಂದರೆ ಕೈಪಿಡಿಯಲ್ಲಿ ತೋರಿಸಿದ ಫ್ರೀ ರಿಟರ್ನ್ ಪೋರ್ಟಿಗೆ ಹೋಗಲಿ. ಪ್ರೆಶರ್ ಕಡೆಗೆ 1/2 ಇಂಚು, ರಿಟರ್ನ್‌ಗೆ 3/4 ಇಂಚು ಪೈಪ್ ಹಾಕಿ. ಎರಡೂ ಕಪ್ಲರ್‌ಗಳ ಅಳತೆ ಬೇರೆ ಬೇರೆಯಾದರೆ ಅದಲುಬದಲಾಗುವ ಭಯವೇ ಇಲ್ಲ. ಜೋಡಿಸುವಾಗ ಮೊದಲು ರಿಟರ್ನ್, ಕಳಚುವಾಗ ಕೊನೆಗೆ ರಿಟರ್ನ್.

ಜೋಡಿಸುವ ಮುಂಚೆ ಇಂಜಿನ್ ನಿಲ್ಲಿಸಿ, ರಿಮೋಟ್ ಲಿವರನ್ನು ಎರಡೂ ಕಡೆ ಆಡಿಸಿ ಉಳಿದ ಒತ್ತಡ ಬಿಡಿ. ಪೈಪ್ ಬಿಸಿಲಲ್ಲಿ ಬಿದ್ದಿದ್ದರೆ ಒಳಗಿನ ಆಯಿಲ್ ಉಬ್ಬಿ, ಎಷ್ಟು ತಳ್ಳಿದರೂ ಕಪ್ಲರ್ ಕೂರುವುದಿಲ್ಲ. ತುದಿಗಳನ್ನು ಶುದ್ಧ ಬಟ್ಟೆಯಿಂದ ಒರೆಸಿ. ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಇದೇ ಆಯಿಲ್ ಗೇರ್‌ಬಾಕ್ಸಿನಲ್ಲೂ ಓಡುತ್ತದೆ, ಕೊಳೆ ಹೊಕ್ಕರೆ ಅಲ್ಲಿಗೂ ಹೋಗುತ್ತದೆ. 'ಟಕ್' ಎಂದು ಕೂತ ಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡಿ.

ಕೆಲಸ ಮುಗಿಯುವವರೆಗೂ ರಿಮೋಟ್ ಲಿವರ್ ಆನ್ ಸ್ಥಾನದಲ್ಲೇ ಲಾಕ್ ಆಗಿರಬೇಕು. ಆದ್ದರಿಂದ ಟ್ರ್ಯಾಕ್ಟರ್‌ದು ಗೇರ್ ಪಂಪ್ ಇರುವ ಓಪನ್ ಸೆಂಟರ್ ವ್ಯವಸ್ಥೆಯಾದರೆ (ವಾಲ್ವ್ ನಡುವಿನ ಸ್ಥಾನದಲ್ಲಿದ್ದಾಗಲೂ ಆಯಿಲ್ ಟ್ಯಾಂಕಿಗೆ ಹರಿಯುತ್ತಲೇ ಇರುವಂಥದ್ದು) ಸೀಳುವ ಯಂತ್ರದ ವಾಲ್ವ್ ಸಹ ಓಪನ್ ಸೆಂಟರ್ ಆಗಿರಲೇಬೇಕು. ಇಲ್ಲವಾದರೆ ರಿಲೀಫ್ ವಾಲ್ವ್ (ಒತ್ತಡ ಮಿತಿಮೀರಿದಾಗ ತೆರೆದುಕೊಳ್ಳುವ ವಾಲ್ವ್) ಸದಾ ಕಿರುಗುಟ್ಟುತ್ತಾ ಆಯಿಲ್ ಬಿಸಿಯಾಗುತ್ತದೆ.

ಬಲ ಒತ್ತಡದಿಂದ, ವೇಗ ಆಯಿಲ್ ಹರಿವಿನಿಂದ. 4 ಇಂಚು ಬೋರ್ (ಒಳವ್ಯಾಸ) ಸಿಲಿಂಡರ್‌ಗೆ 175 ಬಾರ್ ಸಿಕ್ಕರೆ ಸುಮಾರು 14 ಟನ್ ಬಲ. ನಿಮಿಷಕ್ಕೆ 24 ಲೀಟರ್ ಆಯಿಲ್ ಬಂದರೆ 60 ಸೆಂ.ಮೀ. ಚಾಚಲು 12 ಸೆಕೆಂಡು. ನಿಧಾನ ಅನಿಸಿದರೆ ರಿಲೀಫ್ ವಾಲ್ವ್ ಬಿಗಿ ಮಾಡಬೇಡಿ, ಅದರಿಂದ ವೇಗ ಹೆಚ್ಚುವುದಿಲ್ಲ. ಇಂಜಿನ್ ಆರ್‌ಪಿಎಂ ಏರಿಸಿ.

ಮೊದಲ ಸಲ ನಾಲ್ಕೈದು ಬಾರಿ ಪೂರ್ತಿ ಆಡಿಸಿ ಗಾಳಿ ಹೋಗಲಿ. ನಂತರ ಸಿಲಿಂಡರ್ ಒಳಗೆಳೆದು, ಇಂಜಿನ್ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಪೈಪ್ ಮತ್ತು ಸಿಲಿಂಡರ್ ಕುಡಿದಷ್ಟನ್ನು ತುಂಬಬೇಕಾಗುತ್ತದೆ. ಸೋರಿಕೆ ಹುಡುಕಲು ಪೈಪಿನ ಮೇಲೆ ಕೈ ಆಡಿಸಲೇಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಕ್ಕೆ ಹೊಕ್ಕರೆ, ನೋವಿರಲಿ ಇಲ್ಲದಿರಲಿ, ತಕ್ಷಣ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಹೊಕ್ಕಿದೆ ಎಂದೇ ಹೇಳಿ.