.32 ಗುಂಡಿಗೆ ಶಕ್ತಿ ಇಲ್ಲ ಅಂತಾರೆ, ಹಾಗಿದ್ರೆ ಸ್ಪರ್ಧೆಯಲ್ಲಿ ಅದೇ ಯಾಕೆ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಲೈಸೆನ್ಸ್ ಇರುವ .32 ರಿವಾಲ್ವರ್ ಇದೆ. ‘ಹಳೇ ಕಾಲದ ಗುಂಡು, ಶಕ್ತಿ ಇಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಶೂಟಿಂಗ್ ಸ್ಪರ್ಧೆಗಳಲ್ಲೂ ಇದನ್ನೇ ಬಳಸುತ್ತಾರಂತೆ. ಎರಡೂ ಒಂದೇನಾ?

ಹೌದು, ಒಂದೇ. ಶಕ್ತಿ ಕಡಿಮೆ ಅನ್ನುವುದೂ ನಿಜ, ಗುರಿ ತಪ್ಪದು ಅನ್ನುವುದೂ ನಿಜ. ನನ್ನ ಪ್ರಕಾರ ಈ ಎರಡಕ್ಕೂ ನೇರ ಸಂಬಂಧವಿದೆ.

ಇದರ ಪೂರ್ತಿ ಹೆಸರು .32 ಸ್ಮಿತ್ ಅಂಡ್ ವೆಸನ್ ಲಾಂಗ್. ‘ಲಾಂಗ್’ ಅಂದರೆ ಉದ್ದ. 1878ರಲ್ಲಿ ಅಮೆರಿಕದ ಈ ಕಂಪನಿ ಜೇಬಿನಲ್ಲಿ ಇಟ್ಟುಕೊಳ್ಳುವ ರಿವಾಲ್ವರಿಗೆ ಒಂದು ಪುಟ್ಟ ಕಾಡತೂಸು ಮಾಡಿತ್ತು. ಅದರ ಹಿತ್ತಾಳೆ ಕೊಳವೆ 15.5 ಮಿ.ಮೀ. ಇತ್ತು. 1896ರಲ್ಲಿ ಅದನ್ನೇ ಸುಮಾರು 23.4 ಮಿ.ಮೀ.ಗೆ ಉದ್ದ ಮಾಡಿದರು, ಮದ್ದು ಜಾಸ್ತಿ ಹಿಡಿಯಲಿ ಅಂತ. ಎದುರಾಳಿ ಕಂಪನಿ ಕೋಲ್ಟ್ ತನ್ನ ರಿವಾಲ್ವರಿಗೂ ಇದನ್ನು ತೆಗೆದುಕೊಂಡಿತು. ಆದರೆ ತನ್ನ ಬಂದೂಕಿನ ಮೇಲೆ ಸ್ಮಿತ್ ಅಂಡ್ ವೆಸನ್ ಹೆಸರು ಕೆತ್ತಲು ಮನಸ್ಸಾಗದೆ ‘ಕೋಲ್ಟ್ ನ್ಯೂ ಪೊಲೀಸ್’ ಅಂತ ಕರೆಯಿತು. ಆ ಹೊತ್ತಿಗೆ ನ್ಯೂಯಾರ್ಕ್ ಪೊಲೀಸರಿಗೆ .32 ಅಳತೆಯ ಕೋಲ್ಟ್ ರಿವಾಲ್ವರ್ ಕೊಡಿಸಿದವರು, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್.

ಹೆಸರಿನ .32 ಅಂದರೆ ಇಂಚಿನಲ್ಲಿ ಗುಂಡಿನ ಅಗಲ. ಆದರೆ ನಿಜವಾದ ಅಗಲ .312 ಇಂಚು. ಆಗಿನ ಹೆಸರುಗಳು ಹಾಗೇ, ಅಂದಾಜಿನವು.

ಈಗ ಗುರಿಯ ವಿಷಯ. ಗುಂಡಿನ ತೂಕ ಸುಮಾರು 98 ಗ್ರೇನ್, ಅಂದರೆ 6.4 ಗ್ರಾಂ. ವೇಗ ಸೆಕೆಂಡಿಗೆ 200 ಮೀಟರಿನ ಆಸುಪಾಸು. ಇಷ್ಟು ಮೆತ್ತಗಿನ ಹೊಡೆತಕ್ಕೆ ಬಂದೂಕು ಕೈಯಲ್ಲಿ ಎಗರುವುದಿಲ್ಲ. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವಾಗಲೇ ಕೈ ಬಿಗಿಯಾಗುತ್ತದಲ್ಲ, ಅದೇ ಹೆಚ್ಚಿನವರ ಗುರಿ ಕೆಡಿಸುವುದು. ಆ ಹೆದರಿಕೆ ಇಲ್ಲಿ ಹುಟ್ಟುವುದೇ ಇಲ್ಲ.

25 ಮೀಟರ್ ಸೆಂಟರ್ ಫೈರ್ (ಕಾಡತೂಸಿನ ತಳದ ನಡುವೆ ಬಡಿದು ಹೊತ್ತಿಸುವ ಬಗೆ) ಪಿಸ್ತೂಲ್ ಸ್ಪರ್ಧೆಯನ್ನೇ ನೋಡಿ. ಒಟ್ಟು 60 ಗುಂಡು, 600 ಅಂಕ. ಮೊದಲ 30 ನಿಧಾನಕ್ಕೆ. ಉಳಿದ 30ರಲ್ಲಿ ಗುರಿ ಪ್ರತಿ ಸಲ 3 ಸೆಕೆಂಡು ಮಾತ್ರ ಕಾಣಿಸುತ್ತದೆ. ಅಷ್ಟರಲ್ಲಿ ಕೈ ಎತ್ತಿ ಹೊಡೆಯಬೇಕು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಜಸ್ಪಾಲ್ ರಾಣಾ ಇದರಲ್ಲಿ 590 ಅಂಕ ಪಡೆದು ವಿಶ್ವ ದಾಖಲೆ ಸರಿಗಟ್ಟಿದರು. ಎಂಥಾ ಕೈ, ಅಲ್ವಾ! ಈ ಸ್ಪರ್ಧೆಯಲ್ಲಿ .38 ಬಳಸಲೂ ನಿಯಮದಲ್ಲಿ ಅವಕಾಶವಿದೆ. ಆದರೂ ಪಾರ್ದಿನಿ, ಮೊರಿನಿ, ವಾಲ್ಥರ್‌ನಂಥ ಕಂಪನಿಗಳು .32 ಲಾಂಗ್‌ಗೆಂದೇ ಸ್ಪರ್ಧೆಯ ಪಿಸ್ತೂಲು ಮಾಡುತ್ತವೆ.

ಅವುಗಳಲ್ಲಿ ಹಾಕುವ ಗುಂಡಿನ ಆಕಾರ ಮಾತ್ರ ಬೇರೆ. ಅದಕ್ಕೆ ವ್ಯಾಡ್‌ಕಟರ್ ಅನ್ನುತ್ತಾರೆ. ಮೂತಿ ಚಪ್ಪಟೆ, ಕಾಡತೂಸಿನ ಕೊಳವೆಯ ಬಾಯಿಗೆ ಸಮನಾಗಿ ಕೂತಿರುತ್ತದೆ. ದುಂಡು ಮೂತಿಯ ಗುಂಡು ಕಾಗದವನ್ನು ಹರಿಯುತ್ತದೆ, ಇದು ಪಂಚಿಂಗ್ ಮಷಿನ್ ಥರ ದುಂಡಗೆ ಕತ್ತರಿಸುತ್ತದೆ. ತೂತು ಗೆರೆಗೆ ತಾಗಿತೋ ಇಲ್ಲವೋ ಅನ್ನುವುದರ ಮೇಲೆ ಒಂದು ಅಂಕ ನಿಂತಿರುವಾಗ ಇದು ಸಣ್ಣ ವಿಷಯ ಅಲ್ಲ.

ಹಾಗಾದರೆ ನಿಮ್ಮ ಮನೆಯ ರಿವಾಲ್ವರಿನಲ್ಲಿ ಹೊಡೆದಾಗ ಗುಂಡುಗಳು ಚದುರಿ ಬಿದ್ದರೆ, ಅದು ಯಾಕೆ? ಸುಮ್ನೆ ಕಾಡತೂಸನ್ನು ಬೈಯಬೇಡಿ. ನಮ್ಮಲ್ಲಿ 9 ಎಂ.ಎಂ., .38 ಅಳತೆಗಳು ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಹಾಗಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರುಗಳೇ ಹೆಚ್ಚು ಕಾಣುತ್ತವೆ. 2014ರಲ್ಲಿ ಬಂದ ‘ನಿರ್ಭೀಕ್’ ಕೂಡ ಇದೇ ಅಳತೆಯದು, ತೂಕ ಅರ್ಧ ಕೆ.ಜಿ. ಇಂಥ ಗಿಡ್ಡ ನಳಿಕೆಯ ಬಂದೂಕಿನಲ್ಲಿ ಗುರಿ ನೋಡಲು ನಳಿಕೆಯ ಮೇಲೆ ಹಿಂದೆ, ಮುಂದೆ ಇರುವ ಗುರುತುಗಳ ನಡುವೆ ಅಂತರ ತೀರಾ ಕಡಿಮೆ. ಕೈ ಕೂದಲೆಳೆಯಷ್ಟು ಆಚೀಚೆ ಆದರೂ ಗುಂಡು ದೂರ ಹೋಗುತ್ತದೆ. ಟ್ರಿಗರ್ ಕೂಡ ಗಡುಸು.

ಮುಂದಿನ ಸಲ ರೇಂಜಿಗೆ ಹೋದಾಗ ಹ್ಯಾಮರನ್ನು (ಹಿಂಬದಿಯ ಪುಟ್ಟ ಸುತ್ತಿಗೆ) ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆ ಎಳೆದು, ಆಮೇಲೆ ಟ್ರಿಗರ್ ಮುಟ್ಟಿ. ಹಗುರಾಗಿ ಬರುತ್ತದೆ. ಗುಂಡುಗಳು ಹತ್ತಿರ ಹತ್ತಿರ ಬೀಳುವುದು ನಿಮಗೇ ಕಾಣಿಸುತ್ತದೆ. ಇನ್ನೊಂದು ಮಾತು: ಅಂಗಡಿಯಲ್ಲಿ ಕೇಳುವಾಗ ‘ರಿವಾಲ್ವರಿನ .32’ ಅಂತಲೇ ಹೇಳಿ. ಪಿಸ್ತೂಲಿನ .32 ಬೇರೆ, ಅದರ ಕೊಳವೆ 17 ಮಿ.ಮೀ. ಮಾತ್ರ.