ಕಿರ್ದಿ ಮೊದಲು, ಖತಾವಣಿ ಆಮೇಲೆ: ಇಆರ್‌ಪಿಗೆ ಡೇಟಾಬೇಸ್ ಮತ್ತು ಆಪರೇಟಿಂಗ್ ಸಿಸ್ಟಮ್ ಆರಿಸುವ ಬಗೆ

ಖರೀದಿ, ದಾಸ್ತಾನು, ಸಂಬಳ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ಹಿಡಿದಿಡುವ ಇಆರ್‌ಪಿ ತಂತ್ರಾಂಶದ ವಿಷಯ ಬಂದಾಗ, ಕಲಿಯುವವರಾದ ನಾವು ಚರ್ಚೆಯನ್ನು ಬಹುತೇಕ ಬುಡಮೇಲಾಗಿ ಹಿಡಿಯುತ್ತೇವೆ. ಲಿನಕ್ಸ್ ಮೇಲೋ ವಿಂಡೋಸ್ ಮೇಲೋ ಎಂಬಲ್ಲಿಂದಲೇ ಮಾತು ಶುರುವಾಗುತ್ತದೆ. ಮೊದಲು ತಂತ್ರಾಂಶ ನಿಶ್ಚಯವಾಗಬೇಕು, ಅದರಿಂದ ಡೇಟಾಬೇಸ್, ಡೇಟಾಬೇಸ್‌ನಿಂದ ಆಪರೇಟಿಂಗ್ ಸಿಸ್ಟಮ್. ಸ್ಯಾಪ್ ಸಂಸ್ಥೆ 2015ರಲ್ಲಿ ತಂದ ಎಸ್/4 ಹಾನಾ ಎಂಬ ಇಆರ್‌ಪಿ, ಹಾನಾ ಡೇಟಾಬೇಸ್ ಒಂದರ ಮೇಲೆಯೇ ನಡೆಯುತ್ತದೆ. ಹಾನಾಕ್ಕೆ ಸೂಸೆ ಅಥವಾ ರೆಡ್ ಹ್ಯಾಟ್ ಲಿನಕ್ಸ್ ಬೇಕು. ಅಲ್ಲಿಗೆ ಆಯ್ಕೆಯ ಮಾತೇ ಮುಗಿಯಿತು. ಅದೇ ಸಂಸ್ಥೆಯ ಹಿಂದಿನ ಇಆರ್‌ಪಿಯಾದ ಇಸಿಸಿಗೆ ಒರಾಕಲ್, ಡಿಬಿ2, ಎಸ್‌ಕ್ಯೂಎಲ್ ಸರ್ವರ್ ಮುಂತಾದ ಹಲವು ದಾರಿಗಳಿದ್ದವು. ಓಡೂ ತಂತ್ರಾಂಶಕ್ಕೆ ಪೋಸ್ಟ್‌ಗ್ರೆಸ್ ಬೇಕೇ ಬೇಕು. ಇಆರ್‌ಪಿನೆಕ್ಸ್ಟ್ ಮುಖ್ಯವಾಗಿ ಮಾರಿಯಾಡಿಬಿಯನ್ನು ನೆಚ್ಚಿಕೊಂಡಿದೆ.

ನಿಜವಾದ ಆಯ್ಕೆ ಉಳಿಯುವುದು ತಂತ್ರಾಂಶವನ್ನು ನಾವೇ ಬರೆಯುವಾಗ ಅಥವಾ ಬರೆಸುವಾಗ. ಗಂಗಾವತಿ ಸೀಮೆಯ ಒಂದು ಅಕ್ಕಿ ಗಿರಣಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಲಾರಿಯೊಂದು ವೇಬ್ರಿಡ್ಜ್ ಮೇಲೆ ನಿಂತಿದೆ, 75 ಕೆ.ಜಿ.ಯ ಲೆಕ್ಕದಲ್ಲಿ 200 ಚೀಲ ಭತ್ತ. ಗುಮಾಸ್ತರು ಗುಂಡಿ ಒತ್ತಿದರೆ ದಾಸ್ತಾನಿಗೆ 150 ಕ್ವಿಂಟಲ್ ಸೇರಬೇಕು, ರೈತನ ಖಾತೆಗೆ ಹಣ ಜಮಾ ಆಗಬೇಕು, ಹಮಾಲಿ ಕಡಿತವಾಗಬೇಕು. ಮೊದಲನೆಯದು ಆಗಿ ಎರಡನೆಯದು ಆಗುವಷ್ಟರಲ್ಲಿ ಕರೆಂಟು ಹೋದರೆ, ಭತ್ತ ಗಿರಣಿಯದಾಗಿದೆ, ಹಣ ರೈತನದಾಗಿಲ್ಲ. ಈ ಮೂರೂ ಒಟ್ಟಿಗೆ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬ ಕಟ್ಟುಪಾಡಿಗೆ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಡೇಟಾಬೇಸ್‌ಗೆ ಇದೇ ಮೊದಲ ಪರೀಕ್ಷೆ.

ಇದನ್ನು ಸಾಧಿಸುವ ಉಪಾಯ ನಮ್ಮ ಹಳೆಯ ಗುಮಾಸ್ತರಿಗೆ ಹೊಸದಲ್ಲ. ವ್ಯವಹಾರ ನಡೆದ ಕೂಡಲೇ ಅವರು ಅದನ್ನು ಕಿರ್ದಿಯಲ್ಲಿ ಬರೆಯುತ್ತಿದ್ದರು. ಖಾತೆವಾರು ಹಂಚುವ ಖತಾವಣಿಯನ್ನು ಬಿಡುವಾದಾಗ ಮಾಡುತ್ತಿದ್ದರು. ಖತಾವಣಿ ಅರ್ಧಕ್ಕೆ ನಿಂತರೂ ಕಿರ್ದಿ ಕೈಯಲ್ಲಿದ್ದರೆ ಲೆಕ್ಕ ಮತ್ತೆ ಕಟ್ಟಿಕೊಳ್ಳಬಹುದಿತ್ತು. ಪೋಸ್ಟ್‌ಗ್ರೆಸ್‌ನ ವಾಲ್ (ರೈಟ್-ಅಹೆಡ್ ಲಾಗ್, ಅಂದರೆ ಮುಂಚಿತವಾಗಿ ಬರೆಯುವ ದಾಖಲೆ) ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ದತ್ತಾಂಶ ಇಡುವ ಇನ್ನೊಡಿಬಿ ಎಂಜಿನ್‌ನ ರೀಡೂ ಲಾಗ್ ಇದೇ ಕಿರ್ದಿಗಳು: ಬದಲಾವಣೆ ಮೊದಲು ಲಾಗ್‌ನಲ್ಲಿ ಬರೆಯಲ್ಪಟ್ಟು ಡಿಸ್ಕ್ ಮುಟ್ಟಿದ ಮೇಲೆಯೇ 'ಕಮಿಟ್ ಆಯಿತು' ಎಂಬ ಉತ್ತರ ಬರುತ್ತದೆ, ಯಂತ್ರ ಮರಳಿ ಎದ್ದಾಗ ಲಾಗ್ ಓದಿಕೊಂಡು ಬಾಕಿ ಕೆಲಸ ಪೂರೈಸಲಾಗುತ್ತದೆ. ಆದರೆ ಲಾಗ್ ನಿಜಕ್ಕೂ ಡಿಸ್ಕ್ ಮುಟ್ಟಿರಬೇಕು. ವೇಗದ ಆಸೆಗೆ ಪೋಸ್ಟ್‌ಗ್ರೆಸ್‌ನಲ್ಲಿ ಎಫ್‌ಸಿಂಕ್ (ಬರೆದದ್ದು ಡಿಸ್ಕ್ ಮುಟ್ಟುವಂತೆ ನೋಡಿಕೊಳ್ಳುವ ಆಯ್ಕೆ) ಆಫ್ ಮಾಡುವವರು ಕಿರ್ದಿಯನ್ನೇ ನೀರಿನ ಮೇಲೆ ಬರೆದಂತೆ. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಎಂಜಿನ್‌ಗಂತೂ ಟ್ರಾನ್ಸಾಕ್ಷನ್ ಎಂಬುದೇ ಇಲ್ಲ. ಹಣಕಾಸಿನ ಕೆಲಸಕ್ಕೆ ಅದನ್ನು ಮುಟ್ಟಬೇಡಿ. ಈ ವಿಷಯದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಸಮರ್ಥವೇ, ಹಾಗಾಗಿ ತಕ್ಕಡಿ ಯಾವ ಕಡೆಗೂ ವಾಲುವುದಿಲ್ಲ.

ಎರಡನೆಯ ಪರೀಕ್ಷೆ ನಮ್ಮ ಲಿಪಿಯದು, ಇದನ್ನು ಪಠ್ಯಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. 'ಗಂಗಾವತಿ' ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಅನುಸ್ವಾರ, ಕಾಗುಣಿತ ಚಿಹ್ನೆಗಳನ್ನು ಬಿಡಿಸಿದರೆ ಲಿಪಿಗಳ ಒಂದೊಂದು ಚಿಹ್ನೆಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 7 ಸಂಕೇತ. ಅವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್‌ನಂತೆ 21 ಬೈಟ್. ಒರಾಕಲ್‌ನ ವಾರ್‌ಚಾರ್2 ಎಂಬ ಪಠ್ಯದ ಕಾಲಂಗೆ 20 ಎಂದು ಅಳತೆ ಕೊಟ್ಟರೆ ಅದು ಸಹಜ ಸ್ಥಿತಿಯಲ್ಲಿ ಬೈಟ್‌ಗಳನ್ನು ಎಣಿಸುವುದರಿಂದ ಯುಟಿಎಫ್-8 ಡೇಟಾಬೇಸ್‌ನಲ್ಲಿ ಊರಿನ ಹೆಸರೇ ಹಿಡಿಸದು. ಪೋಸ್ಟ್‌ಗ್ರೆಸ್ ಸಂಕೇತಗಳನ್ನು ಎಣಿಸುವುದರಿಂದ ಸಲೀಸಾಗಿ ಹಿಡಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಯುಟಿಎಫ್-8 ಕೊಲೇಶನ್ (ಅಕ್ಷರಗಳನ್ನು ಬರೆದಿಡುವ, ಹೋಲಿಸುವ ನಿಯಮ) ಇಲ್ಲದ ವಾರ್‌ಚಾರ್ ಕಾಲಂಗೆ ಕನ್ನಡ ತುಂಬಿದರೆ ಮರಳಿ ಬರುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅಲ್ಲಿ ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಬಳಸಬೇಕು.

ಆಪರೇಟಿಂಗ್ ಸಿಸ್ಟಮ್‌ನ ವಿಷಯದಲ್ಲಿ ನಾನು ಮೊದಲು ನೋಡುವುದು ಆಯುಷ್ಯವನ್ನು. ಲಿನಕ್ಸ್‌ನ ಒಂದು ಬಗೆಯಾದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಬೆಂಬಲವಿದೆ ಎಂದು ನಂಬಿ ಸರ್ವರ್ ಹೂಡಿದವರಿಗೆ ಅದು 2021ರ ಡಿಸೆಂಬರ್ 31ಕ್ಕೇ ಮುಗಿಯಿತು. ಇನ್ನೊಂದು ಸಣ್ಣ ಮುಳ್ಳು ನನಗೇ ಚುಚ್ಚಿದ್ದು: ಮೈಎಸ್‌ಕ್ಯೂಎಲ್ ಡೇಟಾಬೇಸ್ ಒಂದನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ಸಾಗಿಸಿದಾಗ ಅರ್ಧದಷ್ಟು ವರದಿಗಳು 'ಟೇಬಲ್ ಇಲ್ಲ' ಎಂದು ನಿಂತುಬಿಟ್ಟವು. ಲಿನಕ್ಸ್‌ನಲ್ಲಿ ಟೇಬಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂಬುದನ್ನು ನಾನು ಓದಿದ್ದೆ, ಮರೆತಿದ್ದೆ. ಪರವಾನಗಿಯ ಖರ್ಚಿನ ಬಗ್ಗೆ ಒಂದೇ ಮಾತು: ಎಸ್‌ಕ್ಯೂಎಲ್ ಸರ್ವರ್ 2022ರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ ಪ್ರತಿ ಡೇಟಾಬೇಸ್‌ಗೆ 10 ಜಿಬಿಗೆ ನಿಲ್ಲುತ್ತದೆ, ಅಲ್ಲಿಂದ ಮುಂದೆ ದುಡ್ಡು ಬಿಚ್ಚಬೇಕು.

ಇಷ್ಟಾದ ಮೇಲೆ ಎರಡು ಡೇಟಾಬೇಸ್‌ಗಳು ಸಮಸಮ ನಿಂತರೆ, ಕೆಟ್ಟಾಗ ಮರಳಿ ಎತ್ತಿ ನಿಲ್ಲಿಸಬಲ್ಲವರು ಊರಿನಲ್ಲಿ ಯಾವುದಕ್ಕೆ ಇದ್ದಾರೋ ಅದನ್ನೇ ಆರಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಬ್ಯಾಕಪ್ ತೆಗೆಯುವುದು ಸುಲಭ, ಮರಳಿಸುವುದರಲ್ಲಿ ಕಲಿಕೆಯಿದೆ. ಒಂದು ಭಾನುವಾರ ಹಳೆಯ ಕಂಪ್ಯೂಟರಿಗೆ ಪೋಸ್ಟ್‌ಗ್ರೆಸ್ ಡಂಪ್ (ಡೇಟಾಬೇಸನ್ನು ಬರೆದು ತೆಗೆದ ಬ್ಯಾಕಪ್ ಫೈಲು) ಮರಳಿಸಿ ನೋಡಿದೆ. ಎಲ್ಲವೂ ಇತ್ತು, ಸಂಜೆ 6:10ರ ಲಾರಿಯ ಚೀಟಿಯೊಂದು ಇರಲಿಲ್ಲ. ಡಂಪ್ ಶುರುವಾದದ್ದು 6 ಗಂಟೆಗೆ, ಮುಗಿದದ್ದು 6:20ಕ್ಕೆ. ಆದರೆ ಅದು ಹಿಡಿದಿಡುವುದು ಶುರುವಾದ ಕ್ಷಣದ ಚಿತ್ರವನ್ನು ಮಾತ್ರ. ಆ ಚೀಟಿಯೂ ಬೇಕೆಂದರೆ ಪೋಸ್ಟ್‌ಗ್ರೆಸ್‌ನದೇ ಸಾಧನವಾದ ಪಿಜಿ ಬೇಸ್‌ಬ್ಯಾಕಪ್‌ನಿಂದ ತೆಗೆದ ಪೂರ್ಣ ಪ್ರತಿಯ ಜೊತೆಗೆ ಆನಂತರದ ವಾಲ್ ಫೈಲುಗಳನ್ನೂ ಬೇರೊಂದು ಯಂತ್ರದಲ್ಲಿ ಕೂಡಿಡಬೇಕು, ಅಂದರೆ ಖತಾವಣಿಯ ನಕಲಿನ ಸಂಗಡ ಕಿರ್ದಿಯನ್ನೂ.