ಕತ್ತರಿ ಹಿಡಿಯುವ ಮೊದಲು

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಹೊಸದಾಗಿ ಕ್ಯಾಜುವಾಲ್ಟಿಗೆ, ಅಂದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದಿದ್ದೆ. ಚಾಕು ಇರಿತದ ಹುಡುಗನನ್ನು ಕರೆತಂದರು. ಗಡಿಬಿಡಿಯಲ್ಲಿ ಅವನ ಅಂಗಿಯನ್ನು ತೂತಿನ ಮೇಲೇ ಕತ್ತರಿಸಿದೆ. ರಕ್ತ ನಿಂತಿತು, ಹುಡುಗ ಉಳಿದ. ಚಾಕು ಹೊಕ್ಕ ಗುರುತು ಮಾತ್ರ ಅಂಗಿಯಲ್ಲಿ ಉಳಿಯಲಿಲ್ಲ. ಆ ಒದ್ದೆ ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮನೆಯವರ ಕೈಗೂ ಕೊಟ್ಟುಬಿಟ್ಟೆ.

ಜೀವ ಉಳಿಸುವುದೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಯಾಳುವಿನ ಬಟ್ಟೆ, ಮೈ, ಮಾತು ಮೂರಕ್ಕೂ ಮೊದಲು ಹತ್ತಿರವಾಗುವವರು ಸಿಸ್ಟರ್‌ಗಳು. ಆರೈಕೆಯ ಜೊತೆಗೇ ಕೋರ್ಟಿಗೆ ಬೇಕಾಗುವ ಸಾಕ್ಷ್ಯವನ್ನೂ ಕಾಪಾಡುವ ಫೊರೆನ್ಸಿಕ್ ನರ್ಸಿಂಗ್ ಶುರುವಾಗುವುದು ಅಲ್ಲೇ.

ಈಗ ಹೊಸಬರಿಗೆ ಹೇಳುತ್ತೇನೆ: ತೂತು ಬಿಟ್ಟು ಪಕ್ಕದಲ್ಲಿ ಕತ್ತರಿಸಿ. ಬಟ್ಟೆ ಝಾಡಿಸಬೇಡಿ. ನೆರಳಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್‌ನಲ್ಲಿ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಸೀಲ್ ಮಾಡಿ, ಯಾರು ಕೊಟ್ಟರು, ಯಾರು ತೆಗೆದುಕೊಂಡರು, ಎಷ್ಟು ಹೊತ್ತಿಗೆ ಎಂದು ಬರೆದು ಸಹಿ ಹಾಕಿಸಿ. "ಎಣ್ಣಿ (ಕೀಟನಾಶಕ) ಕುಡದಾನ್ರಿ" ಎಂದು ಗದಗ, ಹಾವೇರಿ ಕಡೆಯಿಂದ ಹೊತ್ತು ತಂದಾಗ, ಹೊಟ್ಟೆ ತೊಳೆದ ಮೊದಲ ನೀರನ್ನು ಚೆಲ್ಲಬೇಡಿ.

ಮಾತಿನ ವಿಷಯ ಇನ್ನೂ ಸೂಕ್ಷ್ಮ. "ಮೆಟ್ಲದ ಮ್ಯಾಲಿಂದ ಬಿದ್ದೇನ್ರಿ" ಅನ್ನುತ್ತಾಳೆ ಗಾಯಗೊಂಡು ಬಂದ ಹೆಂಗಸು. ಬಾಸುಂಡೆ ಮಾತ್ರ ಎರಡೂ ಮುಂಗೈ ಹೊರಬದಿಗೆ. ಏಟಿಗೆ ಅಡ್ಡ ಹಿಡಿದ ಕೈ ಹಾಗಿರುತ್ತದೆ, ಅಲ್ವಾ? ಗಂಡನನ್ನು ಹೊರಗೆ ಕೂಡಿಸಿ, ಪರದೆ ಎಳೆದು, "ಯವ್ವಾ, ಯಾರರ ಹೊಡದಾರೇನು?" ಎಂದು ಕೇಳಬೇಕು. ಹೇಳಿದರೆ ಅವಳ ಮಾತನ್ನು ಅವಳ ಶಬ್ದದಲ್ಲೇ ಬರೆಯಬೇಕು. ಹೇಳದಿದ್ದರೆ ಒತ್ತಾಯ ಬೇಡ.

ಅತ್ಯಾಚಾರವಾದಾಗ ಎಷ್ಟೋ ಮನೆಯವರು ಮೊದಲು ಠಾಣೆಗೆ ಅಲೆಯುತ್ತಾರೆ. ಅದರ ಅಗತ್ಯವಿಲ್ಲ, ನೇರವಾಗಿ ಆಸ್ಪತ್ರೆಗೆ ಬನ್ನಿ. ಸ್ನಾನ ಮಾಡದೆ ಬಂದರೆ ಒಳ್ಳೆಯದು, ಮಾಡಿದ್ದರೂ ಬನ್ನಿ. ಖಾಸಗಿ ಆಸ್ಪತ್ರೆಯೂ ತಕ್ಷಣ, ಉಚಿತವಾಗಿ ನೋಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹಾಗೆ ಹೇಳುತ್ತದೆ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಪರೀಕ್ಷೆಗೆ ಆಕೆಯ ಒಪ್ಪಿಗೆ ಬೇಕು. ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆ ಕೂಡದು ಎಂದು ಸುಪ್ರೀಂ ಕೋರ್ಟ್ 2013ರಲ್ಲೂ, ಮತ್ತೆ 2022ರಲ್ಲೂ ಹೇಳಿದೆ. ಪರೀಕ್ಷೆ ಮಾಡುವವರು ಡಾಕ್ಟರ್. ಪಕ್ಕದಲ್ಲಿ ನಿಂತು "ಸಾಕು ಅನಿಸಿದ್ರ ಹೇಳು ತಂಗಿ, ನಿಲ್ಲಸ್ತೀವಿ" ಎನ್ನಬೇಕಾದವರು ನಾವು.

2021ರ ಬಿಎಸ್ಸಿ ನರ್ಸಿಂಗ್ ಪಠ್ಯದಲ್ಲಿ ಈ ವಿಷಯ ಸೇರಿದೆ. ಅದಕ್ಕೂ ಮೊದಲು ಓದಿದ ನಮ್ಮಂಥವರೇ ವಾರ್ಡುಗಳಲ್ಲಿ ಜಾಸ್ತಿ. ನಮಗೂ ತರಬೇತಿ ಬೇಕು. ಅದು ಬರುವವರೆಗೆ ಪ್ರತಿ ಕ್ಯಾಜುವಾಲ್ಟಿಯಲ್ಲೂ ಒಂದು ಕಟ್ಟು ಕಾಗದದ ಚೀಲ ಇಡಿಸಿ, ಕತ್ತರಿಯ ಪಕ್ಕದಲ್ಲೇ.